ಮುಗ್ಗಿದ ಶೇಂಗಾ ಯಾಕೆ ತಿನ್ನಬಾರದು? ಉತ್ತರ ಇರೋದು ‘ಪಿ53’ ಎಂಬ ಪ್ರೋಟೀನ್‌ನಲ್ಲಿ

ಚೀಲದ ತಳದಲ್ಲಿ ಉಳಿದ, ಸುಕ್ಕುಗಟ್ಟಿ ಹಸಿರು ಬೂಷ್ಟು ಹಿಡಿದ ಶೇಂಗಾ ಬೀಜವನ್ನು ‘ಹುರಿದರೆ ಸರಿಹೋಗುತ್ತೆ ಬಿಡಿ’ ಎಂದು ಚಟ್ನಿಪುಡಿಗೆ ಹಾಕುವವರಿದ್ದಾರೆ. ‘ಎಣ್ಣೆಗೆ ನಡೆಯುತ್ತೆ’ ಎಂದು ಗಾಣಕ್ಕೆ ಕೊಡುವವರೂ ಇದ್ದಾರೆ. ಹುರಿದರೆ ಬೂಷ್ಟು ಸಾಯುತ್ತೆ, ನಿಜ. ಆದರೆ ಅದು ಬೀಜದಲ್ಲಿ ಬಿಟ್ಟುಹೋದ ವಿಷ ಪೂರ್ತಿ ಹೋಗೋದಿಲ್ಲ. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ನಮ್ಮ ದೇಹದಲ್ಲಿ ಅದು ಕೆಡಿಸುವುದು ಕ್ಯಾನ್ಸರ್ ತಡೆಯುವ ಒಂದು ಮುಖ್ಯ ಪ್ರೋಟೀನನ್ನೇ. ಅದೇ ಪಿ53.

ಏನಿದು ಪಿ53?

ನಮ್ಮ ದೇಹದ ಬಹುತೇಕ ಪ್ರತಿ ಜೀವಕೋಶದ ನಡುವೆ ನ್ಯೂಕ್ಲಿಯಸ್ ಎಂಬ ಕೇಂದ್ರ ಇರುತ್ತೆ. ಅದರೊಳಗೆ ಡಿಎನ್‌ಎ. ಸುಮಾರು 300 ಕೋಟಿ ಅಕ್ಷರಗಳ ದೊಡ್ಡ ಲೆಕ್ಕದ ಪುಸ್ತಕ ಅಂದುಕೊಳ್ಳಿ. ಅಕ್ಷರಗಳು ಮಾತ್ರ ನಾಲ್ಕೇ: ಎ, ಟಿ, ಜಿ, ಸಿ. ಒಂದು ಕೋಶ ಎರಡಾಗುವ ಮುನ್ನ ಈ ಪುಸ್ತಕ ಪೂರ್ತಿ ನಕಲಾಗಬೇಕು. ಬಿಸಿಲು, ಬೀಡಿ-ಸಿಗರೇಟಿನ ಹೊಗೆ, ಕೆಲವು ವಿಷಗಳಿಂದ ಅಕ್ಷರಗಳು ಕೆಡುತ್ತಲೇ ಇರುತ್ತವೆ. ಕೆಟ್ಟ ಪುಟ ಹಾಗೇ ನಕಲಾದರೆ ತಪ್ಪು ಮುಂದಿನ ಕೋಶಗಳಿಗೂ ಹೋಗುತ್ತೆ.

ಅದನ್ನು ತಡೆಯುವವರಲ್ಲಿ ಪಿ53 ಪ್ರಮುಖ. 1979ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು. 1992ರಲ್ಲಿ ಬ್ರಿಟನ್‌ನ ವಿಜ್ಞಾನಿ ಡೇವಿಡ್ ಲೇನ್ ಇದನ್ನು ‘ಜೀನೋಮಿನ ಕಾವಲುಗಾರ’ ಎಂದು ಕರೆದರು. ಆ ಹೆಸರು ಇವತ್ತಿಗೂ ನಡೆಯುತ್ತಿದೆ.

ಕೆಲಸ ಮಾಡೋದು ಹೇಗೆ?

ಕೋಶ ಚೆನ್ನಾಗಿದ್ದಾಗ ಪಿ53 ಹೆಚ್ಚು ಇರೋದಿಲ್ಲ. ತಯಾರಾದ ಸ್ವಲ್ಪ ಹೊತ್ತಿಗೇ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ನಾಶಕ್ಕೆ ಕಳಿಸುತ್ತೆ. ಡಿಎನ್‌ಎಗೆ ಪೆಟ್ಟು ಬಿದ್ದ ಕೂಡಲೇ ಈ ನಾಶ ನಿಲ್ಲುತ್ತೆ, ನ್ಯೂಕ್ಲಿಯಸ್ಸಿನಲ್ಲಿ ಪಿ53 ಪ್ರಮಾಣ ಏರುತ್ತೆ.

ಆಗ ನಾಲ್ಕು ಪಿ53 ಒಟ್ಟಾಗಿ ಡಿಎನ್‌ಎಯ ನಿರ್ದಿಷ್ಟ ಜಾಗಗಳನ್ನು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದಾಗ ಅಲ್ಲಿನ ಜೀನ್‌ಗಳು ಚಾಲೂ ಆಗುತ್ತವೆ. ಪಿ21 ಎಂಬ ಜೀನ್ ಚಾಲೂ ಆದರೆ ಕೋಶ ಎರಡಾಗೋದು ನಿಲ್ಲುತ್ತೆ, ರಿಪೇರಿಗೆ ಸಮಯ ಸಿಗುತ್ತೆ. ರಿಪೇರಿ ಆಗದಷ್ಟು ಹಾನಿಯಾಗಿದ್ದರೆ ಬೇರೆ ಜೀನ್‌ಗಳು ಚಾಲೂ ಆಗಿ ಕೋಶ ತಾನೇ ಸಾಯುತ್ತೆ. ಒಂದು ಕೋಶ ಹೋಗುತ್ತೆ, ಮನುಷ್ಯ ಉಳೀತಾನೆ.

ಡಿಎನ್‌ಎ ಹಿಡಿಯಲು ಆಗದ ಪಿ53 ಇದ್ದೂ ಇಲ್ಲದಂತೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ಜೀನ್ ಕೆಟ್ಟಿರುತ್ತೆ.

ಒಂದೇ ಅಕ್ಷರದ ತಪ್ಪು

ಪಿ53 ಅಂದರೆ 393 ಅಮೈನೋ ಆಮ್ಲಗಳ ಸರ. ಅದರ 249ನೇ ಮಣಿ ಡಿಎನ್‌ಎ ಹಿಡಿಯುವ ಭಾಗದಲ್ಲೇ ಇದೆ. ಅಫ್ಲಾಟಾಕ್ಸಿನ್ ಹೊಟ್ಟೆಗೆ ಹೋದಾಗ ಯಕೃತ್ತು ಅದನ್ನು ಒಡೆಯಲು ನೋಡುತ್ತೆ. ಆ ಹಂತದಲ್ಲೇ ಅದು ಡಿಎನ್‌ಎಗೆ ಅಂಟಿಕೊಳ್ಳುವ ರೂಪ ಪಡೆಯುತ್ತೆ, ಅದರಲ್ಲೂ ‘ಜಿ’ ಅಕ್ಷರಕ್ಕೆ. 249ನೇ ಮಣಿಯ ಬರಹದಲ್ಲಿ ‘ಜಿ’ ಹೋಗಿ ‘ಟಿ’ ಬಂದರೆ ಸಾಕು, ಮಣಿಯೇ ಬದಲಾಗಿ ಪಿ53ರ ಹಿಡಿತ ತಪ್ಪುತ್ತೆ.

ಚೀನಾದ ಶಾಂಘೈ ಹತ್ತಿರದ ಚಿಡಾಂಗ್‌ನಲ್ಲಿ ಯಕೃತ್ತಿನ ಕ್ಯಾನ್ಸರ್ ವಿಪರೀತ ಇತ್ತು. ಅಲ್ಲಿಯ ಜನರ ಊಟ ಮುಖ್ಯವಾಗಿ ಮೆಕ್ಕೆಜೋಳ, ಅದೂ ಬೂಷ್ಟು ಹಿಡಿದದ್ದು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 16 ಗಡ್ಡೆಗಳನ್ನು ಪರೀಕ್ಷಿಸಿದಾಗ 8ರಲ್ಲಿ ತಪ್ಪು ಸಿಕ್ಕಿದ್ದು ಇದೇ 249ನೇ ಜಾಗದಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕಾ ಭಾಗದ ರೋಗಿಗಳಲ್ಲೂ ಈ ಗುರುತು ಕಂಡಿತು. 1980ರ ದಶಕದಲ್ಲಿ ಚಿಡಾಂಗ್ ಜನ ಮೆಕ್ಕೆಜೋಳ ಬಿಟ್ಟು ಅನ್ನಕ್ಕೆ ಬಂದರು. ನಂತರದ ದಶಕಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಸಾವುಗಳು ಗಣನೀಯವಾಗಿ ಇಳಿದವು.

ಹೆಪಟೈಟಿಸ್ ಬಿ ಸೋಂಕು ಇದ್ದವರಿಗೆ ಅಫ್ಲಾಟಾಕ್ಸಿನ್‌ನಿಂದ ಅಪಾಯ ಹಲವು ಪಟ್ಟು ಹೆಚ್ಚು. ಇದರ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಉಚಿತವಾಗಿ ಸಿಗುತ್ತೆ. ತಪ್ಪಿಸಬೇಡಿ.

ಗಾಬರಿ ಬೇಡ, ಎಚ್ಚರ ಬೇಕು

ಒಂದು ಕೆಟ್ಟ ಬೀಜ ತಿಂದ ಮಾತ್ರಕ್ಕೆ ಕ್ಯಾನ್ಸರ್ ಬರೋದಿಲ್ಲ. ಅಪಾಯ ಇರೋದು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಸೇರೋದರಲ್ಲಿ. ನೇರವಾಗಿ ತಿನ್ನುವ ಶೇಂಗಾದಲ್ಲಿ ಕಾನೂನಿನ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಅಂದರೆ ತಲಾ 10 ಟನ್ನಿನ ಹತ್ತು ಲಾರಿ ಲೋಡಿಗೆ ಒಂದು ಗ್ರಾಂ! ವಿಷದ ಪ್ರಮಾಣ ಕಣ್ಣಿಗೆ ಕಾಣೋದಿಲ್ಲ, ಕಾಣೋದು ಬೂಷ್ಟು ಮತ್ತು ತೇವ ಮಾತ್ರ. ಹಾಗಾಗಿ ಅಲ್ಲೇ ತಡೆಯಬೇಕು.

ರೈತರು: ಶೇಂಗಾ ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಒಡೆದ, ಹುಳು ಕೊರೆದ ಕಾಯಿಗಳನ್ನು ಬೇರೆ ಮಾಡಿ. ಬೀಜ ಸುಲಿಯುವಾಗ ನೀರು ಚಿಮುಕಿಸಿದ್ದರೆ ಮತ್ತೆ ಒಣಗಿಸದೆ ಚೀಲ ತುಂಬಬೇಡಿ.

ಅಂಗಡಿಯವರು: ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಇಡಿ. ಹಳೇ ಮಾಲು ಮೊದಲು ಖಾಲಿ ಮಾಡಿ. ಮುಗ್ಗಿದ್ದನ್ನು ಒಳ್ಳೆಯದರ ಜತೆ ಬೆರೆಸಿ ಮಾರಬೇಡಿ. ಕೊಬ್ಬರಿ, ಒಣಮೆಣಸಿನಕಾಯಿ, ಮೆಕ್ಕೆಜೋಳಕ್ಕೂ ಇದೇ ಮಾತು.

ಗಾಣ, ಹೈನುಗಾರಿಕೆ ಇರುವವರು: ಬೂಷ್ಟು ಹಿಡಿದ ಬೀಜ ಅರೆದರೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ಇನ್ನೊಂದು ರೂಪದಲ್ಲಿ ಬರುತ್ತೆ. ಕೆಟ್ಟ ಬೀಜವನ್ನು ‘ದನಕ್ಕೆ ಹಾಕಿದರಾಯ್ತು’ ಅನ್ನೋ ಲೆಕ್ಕ ಮಕ್ಕಳ ಹಾಲಿನ ಲೋಟಕ್ಕೇ ಬಂದು ನಿಲ್ಲುತ್ತೆ.

ಮನೆಯವರು: ಹುರಿಯುವ ಮುಂಚೆ ಬೀಜ ಆರಿಸಿ. ಬಣ್ಣಗೆಟ್ಟಿದ್ದು, ಸುಕ್ಕಾಗಿದ್ದು, ಮುಗ್ಗು ವಾಸನೆ ಬಂದಿದ್ದು ಕಂಡರೆ ತೆಗೆದುಹಾಕಿ. ತಿನ್ನುವಾಗ ಕೆಟ್ಟ ರುಚಿಯ ಬೀಜ ಸಿಕ್ಕರೆ ನುಂಗಬೇಡಿ, ಉಗಿದುಬಿಡಿ.