ಹಳೇ ಕಾರಿಗೆ ಬಾಟಲಿ ಔಷಧಿ ಹಾಕಿಸ್ಬೇಕಾ?

"ಸಾರ್, ಅಡಿಟಿವ್ ಹಾಕ್ಲಾ? ಮೈಲೇಜ್ ಬರುತ್ತೆ." ಬಂಕ್‌ನಲ್ಲಿ ಪೆಟ್ರೋಲ್ ತುಂಬಿಸುವಾಗ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ಹೊಸ ಕಾರಿನವರು ತಲೆ ಅಲ್ಲಾಡಿಸಿ ಹೋಗ್ತಾರೆ. ಅಪ್ಪ ಕೊಟ್ಟ ಹಳೇ ಕಾರು ಓಡಿಸುವವರು ಮಾತ್ರ ಒಂದು ಕ್ಷಣ ಯೋಚಿಸ್ತಾರೆ.

ಯೋಚಿಸೋಕೆ ಕಾರಣವೂ ಇದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಅದರಲ್ಲಿ ಶೇ 20ರಷ್ಟು ಎಥನಾಲ್ ಇರುತ್ತೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಇ20ಯಲ್ಲಿ ಶೇ 6-7ರಷ್ಟು ಶಕ್ತಿ ಇಲ್ಲವೇ ಇಲ್ಲ. ಮೂವತ್ತೈದು ಲೀಟರ್ ಟ್ಯಾಂಕ್‌ಗೆ ಅಂಗೈಯಷ್ಟು ಬಾಟಲಿ ಸುರಿದರೆ ಅದು ವಾಪಸ್ ಬರಲ್ಲ. ಇದು ಬರೀ ಲೆಕ್ಕ, ಮೆಕ್ಯಾನಿಕ್ ಹತ್ರ ವಾದ ಮಾಡೋ ವಿಷಯವೇ ಅಲ್ಲ.

ಹಾಗಂತ ಎಲ್ಲಾ ಬಾಟಲಿಗಳೂ ಸುಳ್ಳಲ್ಲ. ಪಾಲಿಈಥರ್‌ಅಮೈನ್, ಚಿಕ್ಕದಾಗಿ ಪಿಇಎ, ಅನ್ನೋ ರಾಸಾಯನಿಕ ಇರುವ ಕ್ಲೀನರ್‌ಗಳು ಇಂಜೆಕ್ಟರ್ ತುದಿಯಲ್ಲಿ ಕೂತ ಕೊಳೆಯನ್ನು ನಿಜವಾಗಿಯೂ ಕರಗಿಸುತ್ತವೆ. ಕಾರು ನಿಂತಲ್ಲೇ ನಡುಗುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ತಡವರಿಸಿದರೆ, ಅದಕ್ಕೆ ಕೊಳೆಯೇ ಕಾರಣವಾಗಿದ್ದರೆ ಮಾತ್ರ ಫರಕ್ ಗೊತ್ತಾಗುತ್ತೆ. ಸ್ಪಾರ್ಕ್ ಪ್ಲಗ್ ಸವೆದಿದ್ದರೆ ಅದು ಏನು ಮಾಡೀತು? ಲೇಬಲ್‌ನಲ್ಲಿ ಪಿಇಎ ಹೆಸರು ಇದೆಯಾ ನೋಡಿ, ಹೇಳಿದ ಅಳತೆಯಲ್ಲಿ ಹಾಕಿ. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಬೇಕಿಲ್ಲ.

ಎಂಜಿನ್ ಆಯಿಲ್‌ಗೆ ಸೇರಿಸುವ ಬಾಟಲಿಗಳ ಬಗ್ಗೆ ನನಗೆ ಅಷ್ಟು ಕರುಣೆ ಇಲ್ಲ. ಒಳ್ಳೇ ಆಯಿಲ್‌ನಲ್ಲಿ ಕೊಳೆ ತೆಗೆಯುವ, ಸವೆತ ತಡೆಯುವ ರಾಸಾಯನಿಕಗಳು ಮೊದಲೇ ಅಳತೆ ಮಾಡಿ ಸೇರಿರುತ್ತವೆ. ಚೆನ್ನಾಗಿ ಓಡ್ತಿರೋ ಕೋಡ್‌ಗೆ ಯಾರೋ ಗೊತ್ತಿಲ್ಲದವರು ಪ್ಯಾಚ್ ಹಾಕಿದ ಹಾಗೆ ಮೇಲಿಂದ ಇನ್ನೊಂದನ್ನು ಸುರಿಯೋದು ಯಾಕೆ? ಸತು, ರಂಜಕ ಅತಿಯಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಟೆಫ್ಲಾನ್ ಪುಡಿ ಬೆರೆಸಿದ ಉತ್ಪನ್ನ ಭರ್ಜರಿಯಾಗಿ ಮಾರಾಟವಾಗ್ತಿತ್ತು. ಅದರ ಜಾಹೀರಾತಿನ ಮಾತುಗಳಿಗೆ ಆಧಾರವಿಲ್ಲ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿ, 1997ರಲ್ಲಿ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು.

'ಸ್ಮೋಕ್ ಸ್ಟಾಪ್' ಬಾಟಲಿಗಳು ಆಯಿಲ್ಲನ್ನು ದಪ್ಪ ಮಾಡ್ತವೆ. ಸವೆದ ಪಿಸ್ಟನ್ ರಿಂಗ್ ಪಕ್ಕದಿಂದ ಆಯಿಲ್ ನುಸುಳೋದು ಸ್ವಲ್ಪ ದಿನ ಕಡಿಮೆಯಾಗಿ ನೀಲಿ ಹೊಗೆ ಮರೆಯಾಗುತ್ತೆ, ರಿಂಗ್ ಮಾತ್ರ ಸವೆದೇ ಇರುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ: ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಜೇನಿನ ಹಾಗೆ ಇಳಿದರೆ ಅನುಮಾನ ಪಡಿ. ಎಂಜಿನ್ ಫ್ಲಶ್ ಕೂಡ ಅಷ್ಟೇ. ವರ್ಷಗಟ್ಟಲೆ ಆಯಿಲ್ ಬದಲಿಸದ ಎಂಜಿನ್‌ಗೆ ಹಾಕಿದರೆ, ಕಿತ್ತು ಬಂದ ಗಸಿ ಆಯಿಲ್ ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳಬಹುದು. ಆಗ ಖರ್ಚು ಸಾವಿರಗಳಲ್ಲಿ ನಿಲ್ಲಲ್ಲ.

ಇ20 ವಿಷಯದಲ್ಲಿ ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದದ್ದು ರಬ್ಬರ್ ಬಗ್ಗೆ. ಎಥನಾಲ್‌ಗೆ ಅಂತ ತಯಾರಾಗದ ಹಳೇ ಪೈಪು, ಸೀಲುಗಳು ಉಬ್ಬಿ, ಒಣಗಿ, ಬಿರುಕು ಬಿಡಬಹುದು. ಬಿರುಕು ಬಿಟ್ಟ ಪೈಪನ್ನು ಯಾವ ದ್ರವವೂ ಸರಿಮಾಡಲ್ಲ, ಬದಲಿಸಲೇಬೇಕು. ಮುಂದಿನ ಸರ್ವಿಸ್‌ನಲ್ಲಿ "ಫ್ಯೂಯಲ್ ಲೈನ್ ಪೂರ್ತಿ ನೋಡಿ, ಎಥನಾಲ್‌ಗೆ ಹೊಂದುವ ಪೈಪನ್ನೇ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ಬೆಳಗ್ಗೆ ಕಾರಿನ ಹತ್ರ ಪೆಟ್ರೋಲ್ ವಾಸನೆ ಬಂದರೆ ಕೀ ತಿರುಗಿಸಬೇಡಿ, ಮೆಕ್ಯಾನಿಕ್‌ನ ಅಲ್ಲಿಗೇ ಕರೆಸಿ.