ನಿಧಾನಗತಿಯಲ್ಲಿ ಜರ್ಕ್ ಹೊಡೆಯುವ ಸ್ಪೋರ್ಟ್ಸ್ ಕಾರು: ದೋಷ ಎಲ್ಲಿದೆ?

ನೂರು ಕಿ.ಮೀ. ವೇಗದಲ್ಲಿ ಬೆಣ್ಣೆಯಂತೆ ಸಾಗುವ ಕಾರು ಹದಿನೈದು ಕಿ.ಮೀ. ವೇಗದಲ್ಲಿ ಮುಗ್ಗರಿಸುವುದೇಕೆ? ಹೊಸದಾಗಿ ಸ್ಪೋರ್ಟ್ಸ್ ಕಾರು ಕೊಂಡವರೂ ಹಳೆಯದನ್ನು ಕೈಬದಲಿಸಿಕೊಂಡವರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು.

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಅಬ್ಬಿಗೇರಿಯಂತಹ ಊರನ್ನು ದಾಟುವಾಗ ಇಂಥ ಕಾರಿಗೆ ಎದುರಾಗುವುದು ನಿಧಾನದ ಪರೀಕ್ಷೆ. ಮುಂದೆ ಹೊಟ್ಟು ಹೇರಿದ ಟ್ರ್ಯಾಕ್ಟರ್, ಅಲ್ಲೊಂದು ಇಲ್ಲೊಂದು ರಸ್ತೆಯುಬ್ಬು, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ರಾಶಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಾದರೂ ವೇಗ ಅಷ್ಟೇ. ಚಾಲಕ ಆಕ್ಸಿಲರೇಟರ್ ಮೇಲಿನ ಕಾಲನ್ನು ಎತ್ತಿ ಇಡುತ್ತಿದ್ದಂತೆ ಕಾರು ಒಮ್ಮೆ ತಡೆದು, ಒಮ್ಮೆ ಜಿಗಿಯುತ್ತದೆ. ಇದು ಬರೀ ಕಿರಿಕಿರಿಯ ಮಾತಲ್ಲ. ಜನಸಂದಣಿಯಲ್ಲಿ ಅನಿರೀಕ್ಷಿತವಾಗಿ ಒಂದು ಮೊಳ ಮುಂದೆ ಜಿಗಿದರೂ ಅಪಾಯವೇ. ಇನ್ನೊಂದೆಡೆ, ಕಾರಣ ತಿಳಿಯದೆ ಕ್ಲಚ್ಚನ್ನೋ ಗೇರ್‌ಬಾಕ್ಸನ್ನೋ ಬದಲಿಸಿ ದೊಡ್ಡ ಮೊತ್ತ ತೆತ್ತ ಮೇಲೂ ಜರ್ಕ್ ಉಳಿದುಬಿಡುವುದುಂಟು.

ಆದ್ದರಿಂದ ಮೊದಲು ಕೇಳಬೇಕಾದದ್ದು, ಇದು ಕಾರಿನ ಸ್ವಭಾವವೋ ಅಥವಾ ರೋಗವೋ ಎಂದು. ಹೆಚ್ಚಿನ ವೇಗಕ್ಕೆಂದು ರೂಪಿಸಿದ ಎಂಜಿನ್‌ಗಳಲ್ಲಿ ಒಳಹರಿವಿನ ಮತ್ತು ಹೊರಹರಿವಿನ ವಾಲ್ವ್‌ಗಳು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಮಿನಿಟಿಗೆ ಐದಾರು ಸಾವಿರ ಸುತ್ತಿನಲ್ಲಿ ಇದು ಬಲವನ್ನು ಹೆಚ್ಚಿಸುತ್ತದೆ. ಸಾವಿರ ಸುತ್ತಿನಲ್ಲಿ ಸುಟ್ಟ ಹೊಗೆ ಹೊಸ ಗಾಳಿಯೊಂದಿಗೆ ಬೆರೆತು ದಹನ ಏರುಪೇರಾಗುತ್ತದೆ. ಹಗುರವಾದ ಫ್ಲೈವೀಲ್ ಆ ಏರುಪೇರನ್ನು ನುಂಗಿಕೊಳ್ಳುವುದಿಲ್ಲ. ಬಿಗಿಯಾದ ಎಂಜಿನ್ ಮೌಂಟಿಂಗ್‌ಗಳು ಅದನ್ನು ನೇರವಾಗಿ ಸೀಟಿಗೆ ಮುಟ್ಟಿಸುತ್ತವೆ.

ಆದರೆ ‘ಸ್ಪೋರ್ಟ್ಸ್ ಕಾರು ಎಂದರೆ ಹೀಗೇ’ ಎಂಬ ಸಮಾಧಾನ ಎಲ್ಲ ಕಾರುಗಳಿಗೂ ಸಲ್ಲದು. ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ 1998ರಲ್ಲಿ ಹೊರತಂದ ಎರಡು ಆಸನಗಳ ‘ಸ್ಯಾನ್ ಸ್ಟಾರ್ಮ್’ ಕಾರನ್ನೇ ನೋಡಿ. ಹೊದಿಕೆ ಫೈಬರಿನದು, ರೂಪ ಸ್ಪೋರ್ಟ್ಸ್ ಕಾರಿನದು. ಎಂಜಿನ್ ಮಾತ್ರ ರೆನೋ ಸಂಸ್ಥೆಯ 1149 ಸಿ.ಸಿ.ಯ ಸೌಮ್ಯ ಎಂಜಿನ್. ಅಂತಹ ಕಾರು ಜಗ್ಗಿದರೆ ಅದು ದೋಷವೇ ಹೊರತು ಸ್ವಭಾವವಲ್ಲ. ಮೊದಲ ದಿನದಿಂದಲೂ ಒಂದೇ ರೀತಿ ಇರುವುದನ್ನು ಸ್ವಭಾವವೆಂದು ಒಪ್ಪಬಹುದು. ಇತ್ತೀಚೆಗೆ ಶುರುವಾದದ್ದಕ್ಕೆ ಕಾರಣ ಹುಡುಕಲೇಬೇಕು.

ಜರ್ಕ್ ಹುಟ್ಟುವ ಬಗೆಯನ್ನು ಅರಿಯಲು ಚಕ್ಕಡಿ ಸಾಕು. ಎತ್ತು ಹೆಜ್ಜೆ ಕಿತ್ತಾಗ ಸಡಿಲವಾಗಿದ್ದ ಹಗ್ಗ ಮೊದಲು ಬಿಗಿಯಾಗುತ್ತದೆ, ಆಮೇಲೆ ಬಂಡಿ ಒಮ್ಮೆಲೇ ಜಗ್ಗುತ್ತದೆ. ಕಾರಿನಲ್ಲೂ ಗೇರ್ ಹಲ್ಲುಗಳ ನಡುವೆ, ಆಕ್ಸಲ್ ಕೀಲುಗಳಲ್ಲಿ ಇಂಥ ಸಡಿಲಿಕೆ ಇರುತ್ತದೆ. ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಕಂಪ್ಯೂಟರು ಇಂಧನವನ್ನು ನಿಲ್ಲಿಸಿ, ಸುತ್ತು ಇಳಿದಾಗ ಮತ್ತೆ ಹರಿಸುತ್ತದೆ. ಆ ನಿಲ್ಲಿಸಿ ಹರಿಸುವ ಗಳಿಗೆಯಲ್ಲಿ ಸಡಿಲಿಕೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಬಡಿಯುತ್ತದೆ. ಮೌಂಟಿಂಗ್ ರಬ್ಬರ್ ಹರಿದಿದ್ದರೆ ಆ ಬಡಿತ ಇಮ್ಮಡಿಯಾಗುತ್ತದೆ.

ಹಾಗಾಗಿ ಜರ್ಕ್ ಯಾವ ಗಳಿಗೆಯಲ್ಲಿ ಬರುತ್ತದೆ ಎಂಬುದೇ ರೋಗನಿದಾನದ ಅರ್ಧ ಭಾಗ. ನಿಂತಲ್ಲೇ, ನ್ಯೂಟ್ರಲ್‌ನಲ್ಲಿಯೂ ಎಂಜಿನ್ ನಡುಗುತ್ತಿದ್ದರೆ ತೊಂದರೆ ಬಹುಪಾಲು ಗಾಳಿ, ಇಂಧನ, ಕಿಡಿ ಈ ಮೂರರಲ್ಲಿದೆ. ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್’ ಎನ್ನುವುದು ಇದನ್ನೇ. ಕ್ಲಚ್ ಬಿಡುವಾಗ ಮಾತ್ರ ಕಾರು ಅದುರಿ, ಪೂರ್ತಿ ಬಿಟ್ಟ ಮೇಲೆ ಶಾಂತವಾದರೆ ಕ್ಲಚ್ ಪ್ಲೇಟ್ ಮೇಲೆ ಸಂಶಯ ಪಡಬೇಕು: ಸೀಲ್ ಸೋರಿ ಎಣ್ಣೆ ತಾಗಿರಬಹುದು, ಕಾದು ಮೈ ನುಣುಪಾಗಿರಬಹುದು. ಎರಡನೇ ಗೇರಿನಲ್ಲಿ ಸಮವೇಗದಲ್ಲಿ ಸರಿಯಾಗಿದ್ದು, ಕಾಲು ಎತ್ತಿ ಇಟ್ಟಾಗಷ್ಟೇ ಬಡಿದರೆ ಮೌಂಟಿಂಗ್, ಆಕ್ಸಲ್ ಕೀಲು ಅಥವಾ ಥ್ರಾಟಲ್ ನೋಡಬೇಕು. ಎಂಜಿನ್ ತಣ್ಣಗಿದ್ದಾಗ ಮಾತ್ರವೋ ಬಿಸಿಯಾದ ಮೇಲೂ ಇದೆಯೋ ಎಂಬುದನ್ನು ಗುರುತಿಟ್ಟುಕೊಂಡು ಹೋದರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ.

ನಿಧಾನದಲ್ಲಿ ಮಾತ್ರ ಕಾಡುವ ದೋಷಗಳಲ್ಲಿ ಗಾಳಿಯದೇ ದೊಡ್ಡ ಪಾಲು. ಇನ್‌ಟೇಕ್ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಒಳನುಗ್ಗುವ ಕಳ್ಳಗಾಳಿ, ಎಂಜಿನ್ ಬೇಡುವ ಅಲ್ಪ ಗಾಳಿಯ ಎದುರು ದೊಡ್ಡದಾಗುತ್ತದೆ. ವೇಗದಲ್ಲಿ ಅದು ಲೆಕ್ಕಕ್ಕೇ ಬಾರದು. ಥ್ರಾಟಲ್ ಬಾಡಿಯ ಅಂಚಿಗೆ ಕಟ್ಟಿದ ಮಸಿಯ ಕಥೆಯೂ ಇದೇ. ರೋಣ, ನರೇಗಲ್ಲ ಭಾಗದ ಎರೆಭೂಮಿಯ ನುಣುಪು ಧೂಳಿನಲ್ಲಿ ಓಡಾಡುವ ಕಾರಿನ ಏರ್ ಫಿಲ್ಟರನ್ನು ಕಂಪನಿ ಪುಸ್ತಕದ ಅವಧಿಗೆ ಕಾಯದೆ ನೋಡುವುದು ಲೇಸು. ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ಒಳಹರಿವಿನ ವಾಲ್ವನ್ನು ತೊಳೆಯುವುದಿಲ್ಲವಾದ್ದರಿಂದ ಅಲ್ಲಿಯೂ ಮಸಿ ಕಟ್ಟುತ್ತದೆ.

ಇಂಧನದ ಮಾತೂ ಇದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ನೀರನ್ನು ಹೀರುತ್ತದೆ. ವರ್ಷದ ಬಹುಕಾಲ ಹೊದಿಕೆಯಡಿ ನಿಲ್ಲುವ ಸ್ಪೋರ್ಟ್ಸ್ ಕಾರಿನ ಟ್ಯಾಂಕಿನಲ್ಲಿ ನೀರಂಶ ಹೆಚ್ಚಾದರೆ ಅದು ಎಥನಾಲ್ ಜೊತೆ ಬೇರ್ಪಟ್ಟು ತಳ ಸೇರುತ್ತದೆ. ಪಂಪ್ ಎಳೆಯುವುದು ತಳದಿಂದಲೇ.

ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರುಗಳ ಪಾಡು ಬೇರೆ. ಇಲ್ಲಿ ಹಾಫ್ ಕ್ಲಚ್ ಹಿಡಿಯುವುದು ಚಾಲಕನ ಕಾಲಲ್ಲ, ಯಂತ್ರ. ಒಣ ಕ್ಲಚ್ ಇರುವ ಮಾದರಿಗಳು ತೆವಳುವ ಸಂಚಾರದಲ್ಲಿ ಬೇಗ ಕಾಯುತ್ತವೆ, ಕಾದಷ್ಟೂ ಹಿಡಿತ ಒರಟಾಗುತ್ತದೆ. ಇಂಥ ಗೇರ್‌ಬಾಕ್ಸ್‌ಗಳ ದೋಷದಿಂದಾಗಿ ಫೋಕ್ಸ್‌ವ್ಯಾಗನ್ 2013ರಲ್ಲಿ ಚೀನಾದಲ್ಲಿ ಸುಮಾರು 3.84 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಆದರೂ ಗೇರ್‌ಬಾಕ್ಸ್ ಕಳಚುವ ಮುನ್ನ ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಮರುಕಲಿಸುವ ಕೆಲಸ ಮಾಡಿಸಿ ನೋಡಬೇಕು. ಎಷ್ಟೋ ಬಾರಿ ಅಷ್ಟಕ್ಕೇ ಮುಗಿಯುತ್ತದೆ.

ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಪಿ0301 ಎಂಬ ಸಂಕೇತ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಇದೆ ಎನ್ನುತ್ತದೆ. ಪ್ಲಗ್ಗೋ ಕಾಯಿಲೋ ಇಂಜೆಕ್ಟರೋ ಎಂದು ಹೇಳುವುದಿಲ್ಲ. ಆಗ ಒಂದನೆಯ ಕಾಯಿಲನ್ನು ಎರಡನೆಯದಕ್ಕೆ ಹಾಕಿ ನೋಡುವ ಹಳೆಯ ಉಪಾಯವೇ ಗತಿ: ಸಂಕೇತ ಪಿ0302ಕ್ಕೆ ಬದಲಾದರೆ ಕಳ್ಳ ಸಿಕ್ಕಂತೆ. ಹರಿದ ಮೌಂಟಿಂಗಿಗೆ ಸಾಮಾನ್ಯವಾಗಿ ಯಾವ ಸಂಕೇತವೂ ಬರುವುದಿಲ್ಲ. ಓದುವ ಮೊದಲೇ ಸಂಕೇತಗಳನ್ನು ಅಳಿಸಿಹಾಕುವ ಅವಸರ ಕೆಲವು ಗ್ಯಾರೇಜುಗಳಲ್ಲಿದೆ. ಇದು ಸಾಕ್ಷಿಯನ್ನೇ ನಾಶ ಮಾಡಿದಂತೆ. ಥ್ರಾಟಲ್ ಬಾಡಿ ತೊಳೆಸಿದ ಬಳಿಕ ಅದರ ಸ್ಥಾನವನ್ನೂ ಕಂಪ್ಯೂಟರಿಗೆ ಮರುಕಲಿಸದಿದ್ದರೆ ಜರ್ಕ್ ಮೊದಲಿಗಿಂತ ಹೆಚ್ಚಾದೀತು.

ದುರಸ್ತಿಯಾಗುವವರೆಗೆ ಸಂದಣಿಯಲ್ಲಿ ಮುಂದಿನ ವಾಹನಕ್ಕೆ ಅಂಟಿಕೊಂಡು ಇಂಚಿಂಚು ತೆವಳಬಾರದು. ಒಂದಿಷ್ಟು ಅಂತರ ಬಿಟ್ಟು, ಒಂದೇ ಬಾರಿಗೆ ಸಾಗಿ ನಿಂತರೆ ಕ್ಲಚ್ಚಿಗೂ ಬಿಡುವು, ಎದುರು ರಸ್ತೆ ದಾಟುವವರಿಗೂ ಜಾಗ.