ಪಂಪ್ ಸ್ಕ್ರೂ ತಿರುಗಿಸುವ ಮೊದಲು

"ಕಾಕಾ, ಬರುವಾಗ ಶಿರಾಡಿ ಏರುವಷ್ಟರಲ್ಲಿ ಸಾಕಾಯ್ತು. ಪಂಪ್‌ನಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಮಾಡಿಕೊಡಿ." ಕೆಂಪಾಪುರದ ಗ್ಯಾರೇಜಿನಲ್ಲಿ ಹಳೆಯ ಲಾರಿ ನಿಲ್ಲಿಸಿದ ಕರಾವಳಿಯ ಚಾಲಕನ ಮಾತಿದು. ಮೆಕ್ಯಾನಿಕ್ ಕಾಕಾ ಪಂಪ್ ಮುಟ್ಟಲಿಲ್ಲ. ಏರ್ ಫಿಲ್ಟರ್ ಬಿಚ್ಚಿದರು. ಒಳಗೆ ಧೂಳು ಗಟ್ಟಿಯಾಗಿ ಕೂತಿತ್ತು.

ಗಾಳಿಯೇ ಸಾಲದ ಇಂಜಿನ್‌ಗೆ ಡೀಸೆಲ್ ಸುರಿದು ಏನು ಪ್ರಯೋಜನ? ಪೂರ್ತಿ ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ; ಕಾವು ಹೆಚ್ಚಿ ಪಿಸ್ಟನ್, ವಾಲ್ವ್ ಸುಡುತ್ತವೆ. ಘಾಟಿಯ ಪಿಕಪ್ ಆಸೆಗೆ ಇಂಜಿನ್ ಕೆಲಸ ಬಂದರೆ ಗಾಡಿಯ ಕಂತು ಕಟ್ಟುವುದು ಯಾರು?

ಹಳಬರು ಇದನ್ನು ಈಗಲೂ ಮೈಕೋ ಪಂಪ್ ಎನ್ನುತ್ತಾರೆ. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಆಯಿತು, ಗ್ಯಾರೇಜಿನಲ್ಲಿ ಮಾತ್ರ ಹಳೇ ಹೆಸರೇ. ಲೈನ್ ಪಂಪ್‌ನಲ್ಲಿ ಸಿಲಿಂಡರಿಗೊಂದು ಪ್ಲಂಜರ್. ಆಕ್ಸಿಲರೇಟರ್ ಒತ್ತಿದರೆ ಒಳಗಿನ ರ‍್ಯಾಕ್ ಸರಿದು ಪ್ಲಂಜರ್‌ಗಳು ತಿರುಗುತ್ತವೆ, ಡೀಸೆಲ್ ಹೆಚ್ಚುತ್ತದೆ. ಎಲ್ಲ ಸಿಲಿಂಡರಿಗೂ ಸಮನಾಗಿ ಹೋಗುತ್ತಿದೆಯೇ ಎಂಬುದು ಶಬ್ದ ಕೇಳಿ ಗೊತ್ತಾಗುವುದಿಲ್ಲ. ಪಂಪ್ ಇಳಿಸಿ, ಟೆಸ್ಟ್ ಬೆಂಚಿಗೆ ಹಾಕಿ, ಗಾಜಿನ ಕೊಳವೆಗಳಲ್ಲಿ ಅಳೆದೇ ನೋಡಬೇಕು. ಫುಲ್ ಲೋಡ್ ಸ್ಕ್ರೂಗೆ ಸೀಲ್ ಹಾಕಿರುವುದು ಸುಮ್ಮನೆ ಅಲ್ಲ. ತಿರುಗಿ ಕೂರಿಸುವಾಗ ಟೈಮಿಂಗ್ ಗುರುತೂ ಸರಿಯಾಗಿ ಕೂಡಬೇಕು: ಮುಂದಾದರೆ ಇಂಜಿನ್ ಬಡಿಯುತ್ತದೆ, ಹಿಂದಾದರೆ ಎಳೆತ ಹೋಗುತ್ತದೆ.

ಕಾಮನ್ ರೈಲ್ ಇರುವ ಹೊಸ ಲಾರಿಗಳಲ್ಲಿ ಈ ಸ್ಕ್ರೂವಿನ ಆಟವೇ ಇಲ್ಲ, ಲೆಕ್ಕವೆಲ್ಲ ಕಂಪ್ಯೂಟರಿನದು.

ಅಂದು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಬದಲಾದವು. ಲೈನಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿದಾಗ ಹೊಗೆ ತಿಳಿಯಾಗಿತ್ತು. "ಇನ್ನೊಂದು ಟ್ರಿಪ್ ಮಾಡು, ಆಮೇಲೂ ಎಳೆಯದಿದ್ದರೆ ಪಂಪ್ ಇಳಿಸುವ" ಎಂದು ಕಾಕಾ ಕೈ ಒರೆಸಿಕೊಂಡರು.